ಮೊದಲು ಒಂದು ಹಣ್ಣು ಒಡೆದು ನೋಡಿ

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ. ಚಿಕ್ಕನರಗುಂದದ ಎರಿ ಹೊಲದಲ್ಲಿ ಚರಗ ಚೆಲ್ಲಿ ಆಗಿದೆ. ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ ಉಂಡ ದೊಡ್ಡವರು ಬನ್ನಿಗಿಡದ ನೆರಳಿಗೆ ಒರಗುವ ಹೊತ್ತು. ಮಕ್ಕಳಾದ ನಮಗೆ ಹಬ್ಬ ಶುರುವಾಗುತ್ತಿದ್ದುದೇ ಆಗ. ಬದುವಿನ ಮೇಲಿನ ಬಾರಿಕಂಟಿಗೆ ಲಗ್ಗೆ ಇಡುತ್ತಿದ್ದೆವು. ಮುಳ್ಳು ಗೀರಿದ ಕೈಮೇಲೆ ಮೊದಲು ಬಿಳಿ ಗೆರೆ, ಆಮೇಲೆ ಕೆಂಪು ಗೆರೆ. ಅಂಗಿಯ ಉಡಿಯಲ್ಲಿ ಹಳದಿ, ಕಂದು, ಕೆಂಪು ಹಣ್ಣು.

ಚಿಗವ್ವ ಕೂತಲ್ಲಿಂದಲೇ ಕೂಗುತ್ತಿದ್ದಳು: "ಏ ಹುಡುಗ್ರಾ, ಹಂಗ ಬಾಯಾಗ ಒಗಕೋಬ್ಯಾಡ್ರಿ. ಮೊದಲ ಒಂದ ಒಡದ ನೋಡ್ರಿ!"

ಒಡೆಯಬೇಕಾದ ಕಾರಣ ಹುಳ. ಬಾರಿಹಣ್ಣಿಗೆಂದೇ ಒಂದು ನೊಣವಿದೆ. ಕಾಯಿ ಎಳೆಯದಾಗಿರುವಾಗಲೇ ಸಿಪ್ಪೆ ಚುಚ್ಚಿ ತತ್ತಿ ಇಟ್ಟು ಹೋಗುತ್ತದೆ. ಮರಿ ಒಳಗೇ ಬೀಜದ ಸುತ್ತ ಮೇಯುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಚುಕ್ಕಿ ಮಾತ್ರ. ಆದರೆ ಚಿಗವ್ವನ ಮಾತಿಗೆ ಇನ್ನೊಂದು ಅರ್ಥವೂ ಇತ್ತೆಂದು ಆಕೆಯ ಅಡುಗೆಮನೆಯಲ್ಲಿ ಕೂತ ಮೇಲೆ ತಿಳಿಯಿತು. ಒಂದೇ ಬದುವಿನ ಎರಡು ಕಂಟಿಗಳ ಹಣ್ಣು ಒಂದೇ ರುಚಿ ಇರುವುದಿಲ್ಲ. ಒಂದು ಸಿಹಿ, ಪಕ್ಕದ್ದು ಹಲ್ಲು ಚಳಿಯುವಷ್ಟು ಹುಳಿ, ಮೂರನೆಯದು ನಾಲಗೆ ಹಿಡಿಯುವ ಒಗರು. ಹಣ್ಣನ್ನು ನೋಡದೆ ಬೆಲ್ಲ ಎಷ್ಟು, ಉಪ್ಪು ಎಷ್ಟು ಎಂದು ಹೇಳುವುದು ಹೇಗೆ?

ಈಗ ಹುಬ್ಬಳ್ಳಿಯ ದೊಡ್ಡ ಅಂಗಡಿಗಳ ತಂಪು ಕಪಾಟಿನಲ್ಲೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಬ್ಲೂಬೆರಿ, ಸ್ಟ್ರಾಬೆರಿ ಕೂತಿರುತ್ತವೆ. ಕೇಕಿನ ಮೇಲೆ ಇಡುವುದು ಬಿಟ್ಟು ಇವುಗಳಿಂದ ಏನು ಮಾಡಬಹುದು ಎಂದು ಬೆಂಗಳೂರಿನ ಬಂಧುಗಳು ಕೇಳುತ್ತಾರೆ. ಸಿಹಿಗೂ ಖಾರಕ್ಕೂ ಸಣ್ಣ ಹಣ್ಣನ್ನು ಬಳಸುವ ವಿದ್ಯೆ ನಮ್ಮ ಬದುವಿನಲ್ಲೇ ಇತ್ತು. ಅದನ್ನು ಯಾರೂ 'ಬೆರಿ ಅಡುಗೆ' ಎಂದು ಕರೆದಿರಲಿಲ್ಲ, ಅಷ್ಟೆ.

ಯಾವುದು ಬೆರಿ, ಯಾವುದಲ್ಲ

ಸಸ್ಯಶಾಸ್ತ್ರದ ಲೆಕ್ಕ ಕೇಳಿದರೆ ನಗು ಬರುತ್ತದೆ. ಹೂವಿನ ಅಂಡಾಶಯವೇ ಬೆಳೆದು ಪೂರ್ತಿ ತಿರುಳಾಗಿ, ಬೀಜ ಆ ತಿರುಳಿನಲ್ಲೇ ಹುದುಗಿದ್ದರೆ ಅದು ಬೆರಿ. ಹಾಗಾಗಿ ದ್ರಾಕ್ಷಿ ಬೆರಿ, ಟೊಮೆಟೊ ಬೆರಿ, ಬದನಿಕಾಯಿ ಬೆರಿ, ಬ್ಯಾಡಗಿ ಮೆಣಸಿನಕಾಯಿಯೂ ಬೆರಿ. ಹೆಸರಿನಲ್ಲೇ ಬೆರಿ ಇಟ್ಟುಕೊಂಡ ಸ್ಟ್ರಾಬೆರಿ ಮಾತ್ರ ಅಲ್ಲ. ಅದರಲ್ಲಿ ನಾವು ತಿನ್ನುವ ಕೆಂಪು ಭಾಗ ಉಬ್ಬಿದ ಹೂಪೀಠ. ಮೈಮೇಲೆ ಎಳ್ಳಿನಂತೆ ಅಂಟಿರುವ ಒಂದೊಂದು ಕಾಳೂ ಒಂದೊಂದು ಹಣ್ಣು. ರಾಸ್‌ಬೆರಿ ಸಣ್ಣ ಓಟೆಹಣ್ಣುಗಳ ಗೊಂಚಲು. ಹಿಪ್ಪುನೇರಳೆ ಹಲವು ಹೂಗಳು ಸೇರಿ ಆದ ಒಂದು ಹಣ್ಣು. ಶಾಸ್ತ್ರವನ್ನೇ ಹಿಡಿದು ಕೂತರೆ ಎಳ್ಳ ಅಮಾವಾಸ್ಯೆಯ ಎಣ್ಣಿಗಾಯಿಯೇ ನಮ್ಮ ದೊಡ್ಡ ಬೆರಿ ಅಡುಗೆ!

ಅಡುಗೆಮನೆಯ ಲೆಕ್ಕ ಬೇರೆ. ಬಾಯಿಗೆ ಒಂದೇ ತುತ್ತಾಗುವ, ಹುಳಿ-ಸಿಹಿ-ಒಗರು ಕೂಡಿದ, ಕೊಯ್ದ ಎರಡು ಮೂರು ದಿನಕ್ಕೆ ಕೆಡುವ ಸಣ್ಣ ಹಣ್ಣುಗಳೆಲ್ಲ ಒಂದೇ ಮನೆತನ. ಮೈಸೂರು ಸೀಮೆಯವರು ಎಲಚಿ, ಬೋರೆ ಎನ್ನುವ ಬಾರಿಹಣ್ಣು ಶಾಸ್ತ್ರದ ಪ್ರಕಾರ ಓಟೆಹಣ್ಣು. ಕವಳಿ, ನೇರಲ, ಕರ್ರಗೆ ಮಿಂಚುವ ಗಣಿಕೆ, ತೆಳು ಬುಡ್ಡೆಯೊಳಗೆ ಅವಿತ ಗುಪ್ಪಟೆ ಇವೆಲ್ಲ ಶಾಸ್ತ್ರಕ್ಕೂ ಬೆರಿಗಳೇ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು: ಗಣಿಕೆ, ಗುಪ್ಪಟೆಗಳ ಹಸಿರು ಕಾಯಿ ವಿಷ. ಪೂರ್ತಿ ಹಣ್ಣಾದದ್ದನ್ನು, ಗುರುತು ಬಲ್ಲವರು ತೋರಿಸಿದ್ದನ್ನು ಮಾತ್ರ ತಿನ್ನಬೇಕು.

ಬದುವಿನದು, ಗುಡ್ಡದ್ದು

ನರಗುಂದ ಸೀಮೆ ಅಂದರೆ ಕರಿ ಮಣ್ಣು. ಜೋಳ, ಕಡಲೆ, ಗೋದಿ, ಹತ್ತಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊಣಕಾಲು ನುಂಗುವ ಈ ನೆಲದಲ್ಲಿ ಮಾವಿನ ತೋಪು, ಹಲಸಿನ ಮರ ಎಂಬ ಮಾತಿಲ್ಲ. ಹಣ್ಣು ಎಂದರೆ ಹಕ್ಕಿ ಉಗುಳಿದ ಬೀಜದಿಂದ ಬದುವಿನ ಮೇಲೆ ತಾನೇ ಎದ್ದ ಕಂಟಿ. ಬಾರಿಯ ಬೇರು ಆಳಕ್ಕಿಳಿಯುತ್ತದೆ, ಎಲೆಯ ಹಿಂಬದಿಯ ಬಿಳಿ ತುಪ್ಪಳು ನೀರು ಆರದಂತೆ ತಡೆಯುತ್ತದೆ. ಮಳೆ ಕೈಕೊಟ್ಟ ವರ್ಷವೂ ಅದು ಹಣ್ಣು ಬಿಡುವುದನ್ನು ತಪ್ಪಿಸುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬಾರಿಯ ಕಾಲ. ಎಳ್ಳ ಅಮಾವಾಸ್ಯೆ, ಸಂಕ್ರಮಣ, ಬಾದಾಮಿಯ ಬನಶಂಕರಿ ಜಾತ್ರೆ ಎಲ್ಲ ಅದರೊಳಗೇ. ಸಂಕ್ರಮಣದ ಸುತ್ತ ಕೆಲವು ಮನೆಗಳಲ್ಲಿ ಕೂಸನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯ ಮೇಲಿಂದ ಬಾರಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿಯುತ್ತಾರೆ. ಸುತ್ತ ನೆರೆದ ಮಕ್ಕಳು ಬಿದ್ದದ್ದನ್ನು ಆರಿಸಿಕೊಳ್ಳಲು ಮುಗಿಬೀಳುತ್ತಾರೆ.

ಕವಳಿ ಕರಿಮಣ್ಣಿನ ಕೂಸಲ್ಲ. ಅದಕ್ಕೆ ಕಲ್ಲು ಬೆರೆತ ಕೆಂಪು ನೆಲ, ಗುಡ್ಡದ ಓರೆ ಬೇಕು. ಬಾದಾಮಿ ಸುತ್ತಿನ ಗುಡ್ಡ, ಧಾರವಾಡದ ಆಚೆಯ ಕಾಡಂಚು, 2019ರಲ್ಲಿ ವನ್ಯಜೀವಿಧಾಮವಾದ ಗದಗ ಜಿಲ್ಲೆಯ ಕಪ್ಪತಗುಡ್ಡದಂಥ ಕುರುಚಲು ಕಾಡು ಅದರ ತವರು. ಮೇ ತಿಂಗಳ ಬಿಸಿಲಿಗೆ ಕಾಯಿ, ಮುಂಗಾರು ಹತ್ತಿರ ಬಂದಾಗ ಕಪ್ಪು ಹಣ್ಣು. ಸಂತೆಯಲ್ಲಿ ಮುತ್ತಲ ಎಲೆಯ ಮೇಲೆ ಗುಂಪಿ ಹಾಕಿ ಮಾರುತ್ತಿದ್ದರು.

ಜೂನ್, ಜುಲೈ ಬಂತೆಂದರೆ ನೇರಲ. ಸಂಕಲ್ಪ ಮಾಡುವಾಗ ಹೇಳುವ ಜಂಬೂದ್ವೀಪ ಈ ಹಣ್ಣಿನ ಹೆಸರಿನದೇ. ಜಂಬೂ ಎಂದರೆ ನೇರಲ. ಅಶೋಕ ತನ್ನ ಶಾಸನಗಳಲ್ಲಿ ಈ ನಾಡನ್ನು ಕರೆದದ್ದೂ ಅದೇ ಹೆಸರಿನಿಂದ. ಅವನ ಶಾಸನದ ಬಂಡೆ ನಮ್ಮ ನೆರೆಯ ಕೊಪ್ಪಳದ ಗವಿಮಠದ ಗುಡ್ಡದಲ್ಲೇ ಇದೆ. ಹಣ್ಣಿನ ಮೇಲೆ ದೇಶಕ್ಕೆ ಹೆಸರಿಟ್ಟ ಜನ ನಾವು. ಆ ಹಣ್ಣನ್ನು ತಿಂದ ಗುರುತು ಮಾತ್ರ ನಾಲಗೆಯ ಮೇಲೆ ಒಂದು ದಿನವಷ್ಟೇ ಉಳಿಯುತ್ತದೆ.

ಒಂದೇ ಒಳ್ಳಿನಲ್ಲಿ ಮೂರು ರುಚಿ

ಬಾರಿಹಣ್ಣಿನ ಕುಟ್ಟು ಮಾಡುವ ದಿನ ಚಿಗವ್ವ ಮುಂಜಾನೆಯೇ ಹಣ್ಣು ಹರವುತ್ತಿದ್ದಳು. ಗಟ್ಟಿ ಹಳದಿ ಹಣ್ಣು ತಿನ್ನಲು ಪಕ್ಕಕ್ಕೆ. ಗಿಡದಲ್ಲೇ ಮಾಗಿ ಸುಕ್ಕುಗಟ್ಟಿದ ಕೆಂಪು ಹಣ್ಣು ಕುಟ್ಟಿಗೆ. ಹತ್ತರಲ್ಲಿ ಒಂದನ್ನು ಒಡೆದು ಹುಳ ನೋಡುವಳು, ಅರ್ಧ ಕಚ್ಚಿ ರುಚಿ ನೋಡುವಳು. ಆಮೇಲೆಯೇ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದುದು.

ಕಾಲು ಕಿಲೋ ಹಣ್ಣಿಗೆ ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಹುರಿದ ಜೀರಿಗೆ, ಚಿಟಿಕೆ ಇಂಗು, ಉಪ್ಪು, ನಿಂಬೆಹಣ್ಣಿನ ಗಾತ್ರದ ಬೆಲ್ಲ. ಇದು ಸುಮಾರಾದ ಲೆಕ್ಕ. ಹಣ್ಣು ಸಿಹಿ ಇದ್ದರೆ ಬೆಲ್ಲ ಅರ್ಧಕ್ಕಿಳಿಯುತ್ತದೆ, ಒಗರಿದ್ದರೆ ಉಪ್ಪು ತುಸು ಮೇಲಾಗುತ್ತದೆ. ಒಗರು, ಕಹಿ ನಾಲಗೆಗೆ ತಟ್ಟದಂತೆ ಉಪ್ಪು ಮರೆಮಾಡುತ್ತದೆ. ಮಾವಿನಕಾಯಿ, ಪೇರಲಕ್ಕೆ ಉಪ್ಪು-ಖಾರ ಹಚ್ಚಿ ತಿನ್ನುವ ಎಲ್ಲರಿಗೂ ಇದು ಗೊತ್ತು.

ಮೊದಲು ಮೆಣಸಿನಕಾಯಿ, ಜೀರಿಗೆ, ಉಪ್ಪು ಕುಟ್ಟಿ ಪುಡಿ. ಆಮೇಲೆ ಹಣ್ಣು. ಹೊಡೆತ ಹಗುರ ಇರಬೇಕು: ತಿರುಳು ಬೀಜ ಬಿಡಬೇಕು, ಬೀಜ ಒಡೆಯಬಾರದು. ಒಳ್ಳಿನೊಳಗೆ ಸದ್ದು ಬದಲಾಗುವುದನ್ನು ಕೇಳಿಯೇ ಚಿಗವ್ವ ಕೈ ನಿಲ್ಲಿಸುತ್ತಿದ್ದಳು. ಮೊದಲು 'ಟಕ್ ಟಕ್', ತಿರುಳು ಬಿಟ್ಟ ಮೇಲೆ 'ಚಪ್ ಚಪ್'. ಬೀಜ ಆರಿಸಿ ತೆಗೆದು, ಬೆಲ್ಲ ಹಾಕಿ ಮತ್ತೆ ನಾಲ್ಕು ಪೆಟ್ಟು. ಮುದ್ದೆಯನ್ನು ಅಂಗೈಯಲ್ಲಿ ತಟ್ಟಿ ರೂಪಾಯಿ ಅಗಲದ ಬಿಲ್ಲೆ ಮಾಡಿ ಬಟ್ಟೆಯ ಮೇಲೆ ಮೂರು ನಾಲ್ಕು ದಿನ ಬಿಸಿಲಿಗೆ. ತೇವ ಪೂರ್ತಿ ಆರಿದರೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಉಳಿಸುವ ಕೆಲಸ ಮಾಡುವುದು ಉಪ್ಪು, ಬೆಲ್ಲ, ಹುಳಿ, ಬಿಸಿಲು ನಾಲ್ಕೂ ಸೇರಿ. ಬೂಷ್ಟಿಗೆ ಬೇಕಾದ ನೀರನ್ನೇ ಅವು ಸಿಗದಂತೆ ಮಾಡುತ್ತವೆ.

ಈ ಬಿಲ್ಲೆ ಸಿಹಿ ತಿಂಡಿಯೋ ಖಾರದ್ದೋ? ಆ ಪ್ರಶ್ನೆಯೇ ಅಲ್ಲಿರಲಿಲ್ಲ. ಶಾಲೆಗೆ ಹೋಗುವಾಗ ಕಿಸೆಯಲ್ಲಿಟ್ಟುಕೊಂಡರೆ ಪೆಪ್ಪರಮಿಂಟು, ನೀರಲ್ಲಿ ನೆನೆಸಿ ಕಲಸಿ ಕಟಕ ರೊಟ್ಟಿಗೆ ಹಚ್ಚಿಕೊಂಡರೆ ಚಟ್ನಿ.

ಹುಣಸೆಯ ಜಾಗದಲ್ಲಿ ಕವಳಿ

ಹುಳಿಗಾಗಿ ಹೊಲವನ್ನೇ ಹುಡುಕುವುದು ಎರಿ ಸೀಮೆಯ ಹಳೆಯ ಚಾಳಿ. ಕಡಲೆ ಗಿಡದ ಎಲೆ ಬೆವರುವ ಹುಳಿ ಇಬ್ಬನಿಯಲ್ಲಿ ಕರಗಿರುವಾಗ ನಸುಕಿನಲ್ಲಿ ಬಟ್ಟೆ ಎಳೆದು, ಹಿಂಡಿ, 'ಕಡ್ಲಿ ಹುಳಿ' ಸೀಸೆ ತುಂಬುತ್ತಿದ್ದರು. ಕವಳಿಕಾಯಿ ಅದೇ ಸಾಲಿನದು. ಹುಣಸೆಯ ಕೆಲಸವನ್ನು ಅದು ಮಾಡುತ್ತದೆ, ಜತೆಗೆ ಹೂವಿನಂಥ ಒಂದು ಪರಿಮಳ ಕೊಡುತ್ತದೆ.

ಕವಳಿಯ ತೊಂದರೆ ಅದರ ಹಾಲು. ತೊಟ್ಟು ಕಿತ್ತರೆ ಬಿಳಿ ಅಂಟು ಒಸರಿ ಚಾಕುವಿಗೆ, ಬೆರಳಿಗೆ, ತುಟಿಗೆ ಹತ್ತುತ್ತದೆ. ಕೈಗೆ ಎಣ್ಣೆ ಸವರಿಕೊಂಡು, ಕಾಯಿ ಸೀಳಿ ಬೀಜ ತೆಗೆದು, ಉಪ್ಪು ನೀರಿನಲ್ಲಿ ಅರ್ಧ ತಾಸು ಬಿಟ್ಟು ತೊಳೆದರೆ ಅಂಟು ಹೋಗುತ್ತದೆ. ಎರಡು ಮುಷ್ಟಿ ಕಾಯಿಗೆ ಆರು ಹಸಿಮೆಣಸಿನಕಾಯಿ, ನಾಲ್ಕೈದು ಎಸಳು ಬಳ್ಳೊಳ್ಳಿ, ಒಂದು ಮುಷ್ಟಿ ಹುರಿದ ಶೇಂಗಾ, ಉಪ್ಪು, ಸಣ್ಣ ಉಂಡೆ ಬೆಲ್ಲ. ಕಾಯಿಯನ್ನೂ ಮೆಣಸಿನಕಾಯನ್ನೂ ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ ಎಲ್ಲ ಸೇರಿಸಿ ತರಿತರಿ ರುಬ್ಬಿದರೆ ಚಟ್ನಿ. ಶೇಂಗಾದ ಜಿಡ್ಡು ಹುಳಿಯ ಚೂಪನ್ನು ಮೊಂಡು ಮಾಡುತ್ತದೆ.

ತೊಗರಿಬೇಳೆಗೆ ಹಾಕುವುದಾದರೆ ಒಂದು ನಿಯಮ: ಬೇಳೆ ಪೂರ್ತಿ ಬೆಂದ ಮೇಲೆಯೇ ಕವಳಿ. ಮೊದಲೇ ಹಾಕಿದರೆ ಹುಳಿಯಿಂದಾಗಿ ಬೇಳೆಯ ಕಣಗಳ ಗೋಡೆ ಬಿಗಿಯಾಗಿ, ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಒಂದು ಬಟ್ಟಲು ಬೇಳೆಗೆ ಹತ್ತು ಹನ್ನೆರಡು ಕಾಯಿ ಜಜ್ಜಿ ಹಾಕಿ ಐದು ನಿಮಿಷ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಸಾಕು. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಒಗರು ಹಣ್ಣು ಕಪ್ಪಾಗಿ ಲೋಹದ ರುಚಿ ಹಿಡಿಯುತ್ತದೆ. ಅಲ್ಯುಮಿನಿಯಂ ಕೂಡ ಹುಳಿಗೆ ಆಗಿಬರುವುದಿಲ್ಲ.

ಅಂದಹಾಗೆ, ಬೇಕರಿಯ ಕೇಕಿನ ತುದಿಯಲ್ಲಿ ಕೂರುವ ಆ ಹೊಳೆಯುವ ಕೆಂಪು ಚೆರಿ ಬಹಳ ಸಲ ಚೆರಿಯೇ ಅಲ್ಲ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ, ಬಣ್ಣ ಹಾಕಿದ ಕವಳಿಕಾಯಿ ಅದು. ಗುಡ್ಡದ ಹಣ್ಣು ಹೆಸರು ಬದಲಿಸಿಕೊಂಡು ಪೇಟೆಯ ಕೇಕಿನ ನೆತ್ತಿ ಏರಿದೆ.

ಸಿಹಿ ಮಾಡುವಾಗ

ಸಣ್ಣ ಹಣ್ಣಿನ ಜಾಮು ಗಟ್ಟಿಯಾಗಲು ಮೂರು ಕೂಡಬೇಕು: ಹಣ್ಣಿನ ಪೆಕ್ಟಿನ್, ಹುಳಿ, ಸಕ್ಕರೆ. ಪೆಕ್ಟಿನ್ ಎಂಬ ಅಂಟು ಕಾಯಿಯಲ್ಲಿ ಹೆಚ್ಚು, ಮಾಗಿದಷ್ಟೂ ಕಡಿಮೆ. ಅದಕ್ಕೇ ಮುಕ್ಕಾಲು ಪಾಲು ಹಣ್ಣಿಗೆ ಕಾಲು ಪಾಲು ದೋರೆಗಾಯಿ ಸೇರಿಸುವುದು ಹಳಬರ ಜಾಣತನ. ಕವಳಿಯಲ್ಲಿ ಪೆಕ್ಟಿನ್ನೂ ಹುಳಿಯೂ ಧಾರಾಳ ಇರುವುದರಿಂದ ಹೊರಗಿನ ಪುಡಿ ಬೇಡ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ, ನಿಂಬೆರಸ ಹಿಂಡಲೇಬೇಕು. ಪಾಕ ಸುಮಾರು 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಜಾಮು ಸಿದ್ಧ. ಥರ್ಮಾಮೀಟರ್ ಇಲ್ಲದವರು ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿ ನೋಡಿ. ಮೇಲ್ಮೈ ಸುಕ್ಕುಗಟ್ಟಿದರೆ ಒಲೆ ಆರಿಸಿ.

ಹಾಲಿನ ಸಿಹಿಗೆ ಹುಳಿ ಹಣ್ಣು ಹಾಕಲು ಹೋಗಿ ಹಾಲು ಒಡೆಸಿಕೊಂಡವರು ಬಹಳ. ನಾನೂ ಒಮ್ಮೆ ಪಾಯಸಕ್ಕೆ ನೇರಲ ರಸ ಸುರಿದು, ಮನೆಮಂದಿಗೆ ನೀಲಿ ಪನೀರು ಬಡಿಸಿದ್ದೇನೆ. ಮೊದಲೇ ಹುಳಿಯಾಗಿರುವ ಮೊಸರು ಇದಕ್ಕೆ ಸರಿಯಾದ ಜೋಡಿ. ಶ್ರೀಖಂಡ ಮಾಡುವವರು ಚಕ್ಕಾ ಕಟ್ಟಿಳಿಸಿ, ಸಕ್ಕರೆ ತಿಕ್ಕಿ, ಕೊನೆಯಲ್ಲಿ ತಣ್ಣಗಾದ ನೇರಲ ತಿರುಳು ಎರಡು ಚಮಚ, ಕಲ್ಲುಪ್ಪು ಒಂದು ಚಿಟಿಕೆ ಬೆರೆಸಿ. ಬಣ್ಣ ಕೆನ್ನೇರಳೆ ಗುಲಾಬಿಯಾಗಿ ನಿಲ್ಲುತ್ತದೆ. ಈ ಹಣ್ಣುಗಳ ಬಣ್ಣದ ಗುಣವೇ ಹಾಗೆ: ಹುಳಿಯಲ್ಲಿ ಕೆಂಪಿನತ್ತ, ಕ್ಷಾರದಲ್ಲಿ ನೀಲಿಯತ್ತ ತಿರುಗುತ್ತದೆ. ಬ್ಲೂಬೆರಿ ಹಾಕಿದ ಕೇಕಿಗೆ ಸೋಡಾ ಜಾಸ್ತಿಯಾದರೆ ಒಳಗೆ ಹಸಿರುನೀಲಿ ಕಲೆ ಮೂಡುವುದೂ ಇದೇ ಕಾರಣಕ್ಕೆ.

ನೇರಲ ಪಾನಕಕ್ಕಂತೂ ಒಲೆಯೇ ಬೇಡ. ಹಣ್ಣಿಗೆ ಉಪ್ಪು ಹಾಕಿ ಕಾಲು ತಾಸು ಬಿಟ್ಟು ಕೈಯಿಂದ ಕಿವುಚಿ, ಬೀಜ ತೆಗೆದು, ತಣ್ಣೀರು, ಬೆಲ್ಲ, ಕುಟ್ಟಿದ ಕರಿಮೆಣಸು ಬೆರೆಸಿ. ಇಲ್ಲಿಯೂ ಸಿಹಿ-ಖಾರ ಒಂದೇ ಲೋಟದಲ್ಲಿ.

ಬೇರೆ ಒಲೆಗಳ ಮೇಲೆ

ಸ್ವೀಡನ್ನಿನವರು ಮಾಂಸದ ಉಂಡೆಯ ಪಕ್ಕ ಹುಳಿ ಲಿಂಗನ್‌ಬೆರಿ ಜಾಮು ಬಡಿಸುತ್ತಾರೆ. ಅಮೆರಿಕದವರ ಕೃತಜ್ಞತೆಯ ಹಬ್ಬದಲ್ಲಿ ಟರ್ಕಿ ಕೋಳಿಗೆ ಕ್ರ್ಯಾನ್‌ಬೆರಿ ಗೊಜ್ಜು. ಇರಾನಿನವರು ಕೇಸರಿ ಅನ್ನದ ಮೇಲೆ ಜೆರೆಶ್ಕ್ ಎಂಬ ಕೆಂಪು ಹುಳಿ ಕಾಳು ಹುರಿದು ಉದುರಿಸುತ್ತಾರೆ. ಅದೇ ಮಾದರಿಯ ಬೆರಿ ಪುಲಾವ್ ಮುಂಬೈಯ ಇರಾನಿ-ಪಾರ್ಸಿ ಹೋಟೆಲಿನ ಹೆಮ್ಮೆ. ಜಿಡ್ಡಿನ ಊಟವನ್ನು ಹುಳಿಹಣ್ಣಿನಿಂದ ಹಗುರ ಮಾಡುವುದು ಎಲ್ಲ ಕಡೆಯ ಉಪಾಯ. ಬಾಣಂತಿಯ ತುಪ್ಪದೂಟಕ್ಕೆ ಉಪ್ಪಿನಕಾಯಿ ಇಡುವ ನಮ್ಮ ಅಜ್ಜಿಯರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಹಾಗಾಗಿ ಕವಳಿ ಸಿಗದ ಊರಿನವರು ಪೇಟೆಯ ಬೆರಿಯನ್ನೇ ಅದರ ಜಾಗದಲ್ಲಿ ಕೂರಿಸಬಹುದು. ಚಳಿಗಾಲದಲ್ಲಿ ಬರುವ ಮಹಾಬಳೇಶ್ವರದ ಸ್ಟ್ರಾಬೆರಿಯಲ್ಲಿ ಅರೆಬಿಳಿ ಹುಳಿ ಹಣ್ಣು ಆರಿಸಿಕೊಂಡು, ಮೇಲೆ ಹೇಳಿದ ಶೇಂಗಾ ಚಟ್ನಿ ಮಾಡಿ ನೋಡಿ. ಅಷ್ಟಕ್ಕೂ ಅದು ಪರಕೀಯವೇನಲ್ಲ: ಕೃಷ್ಣೆ ಹುಟ್ಟುವುದು ಆ ಮಹಾಬಳೇಶ್ವರದಲ್ಲಿ, ನಮ್ಮ ಮಲಪ್ರಭೆ ಹೋಗಿ ಅವಳನ್ನು ಕೂಡುವುದು ಕೂಡಲಸಂಗಮದಲ್ಲಿ. ಯಾವ ಬೆರಿಯೇ ಇರಲಿ, ತಂದ ಕೂಡಲೇ ತೊಳೆಯಬೇಡಿ. ತೇವ ಉಳಿದರೆ ರಾತ್ರಿ ಬೆಳಗಾಗುವುದರೊಳಗೆ ಬೂಷ್ಟು. ಬಟ್ಟೆಯ ಮೇಲೆ ಒಂದೇ ಪದರ ಹರವಿಟ್ಟು, ಬಳಸುವಾಗ ತೊಳೆಯಿರಿ.

ಶಬರಿಯ ಲೆಕ್ಕ

ನರಗುಂದದಿಂದ ರಾಮದುರ್ಗದತ್ತ ಹೋದರೆ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ವಾಲ್ಮೀಕಿಯಲ್ಲಿ ಅವಳು ಕಾಡಿನ ಹಣ್ಣುಹಂಪಲು ಕೂಡಿಟ್ಟಿದ್ದಳು ಎಂದಷ್ಟೇ ಇದೆ. ಕಚ್ಚಿ ನೋಡಿ ಸಿಹಿಯಾದದ್ದನ್ನೇ ಕೊಟ್ಟಳೆಂಬ ಕತೆ ಬೆಳೆದದ್ದು ನಂತರದ ಭಕ್ತರ ಬಾಯಲ್ಲಿ. ಆ ಕತೆ ಕಟ್ಟಿದವರು ಯಾರೇ ಇರಲಿ, ಬಾರಿಹಣ್ಣು ಆರಿಸಿ ಗೊತ್ತಿದ್ದವರು. ಎಂಜಲು, ಭಕ್ತಿ ಎಂದೆಲ್ಲ ನಾವು ಅರ್ಥ ಹಚ್ಚುತ್ತೇವೆ. ಚಿಗವ್ವನಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. "ಕಚ್ಚಿ ನೋಡದ ಬಾರಿಹಣ್ಣ ಬ್ಯಾರೆದವರಿಗೆ ಹೆಂಗ ಕೊಡ್ತೀ? ಹುಳ ಇದ್ರ?"

1970ರ ದಶಕದಲ್ಲಿ ಮಲಪ್ರಭೆ ಕಾಲುವೆ, ಹೈಬ್ರಿಡ್ ಹತ್ತಿ ಬಂದ ಮೇಲೆ ಗೇಣು ನೆಲಕ್ಕೂ ಬೆಲೆ ಬಂತು. ನಮ್ಮ ಹೊಲದ ಬದು ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು. ಉಳಿದ ಕಂಟಿಗಳನ್ನು ಜೆಸಿಬಿ ಒಂದೇ ಮಧ್ಯಾಹ್ನ ಕಿತ್ತು ಹಾಕಿತು. ಕಂಟಿಯಲ್ಲಿ ಹಾವಿರುತ್ತವೆ, ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಕೀಳಿಸಿದವನು ನಾನೇ. ಆ ಸಂಕ್ರಮಣಕ್ಕೆ ಬಾರಿಹಣ್ಣನ್ನು ಸಂತೆಯಿಂದ ತಂದೆ. ಕೋಳಿಮೊಟ್ಟೆ ಗಾತ್ರದ, ಹಸಿರು ಹೊಳಪಿನ 'ಆಪಲ್ ಬಾರಿ'. ಒಂದರಂತೆ ಇನ್ನೊಂದು, ಒಂದರಲ್ಲೂ ಹುಳವಿಲ್ಲ.

ಚಿಗವ್ವ ಒಂದನ್ನು ಒಡೆದು, ಕಚ್ಚಿ, ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡಳು.

"ನೀರ ಐತಿ, ಹಣ್ಣ ಎಲ್ಲೈತಿ?" ಎಂದಳು. ಆದರೂ ಒಳ್ಳು ಎಳೆದುಕೊಂಡಳು. ಬೆಲ್ಲದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅರ್ಧ ನಿಂಬೆಹಣ್ಣು ಹಿಂಡಿ, ಮೆಣಸಿನಕಾಯಿ ಎರಡು ಹೆಚ್ಚು ಹಾಕಿ ಕುಟ್ಟಿದಳು. ಬಿಲ್ಲೆ ಆಗಲಿಲ್ಲ, ಚಟ್ನಿ ಆಯಿತು. ರೊಟ್ಟಿಗೆ ಚೆನ್ನಾಗಿಯೇ ಹೊಂದಿತು.